ಎಣಿಸಿ ಆರಿಸಿದ ದಂತ ಕಾಲೇಜು

ಅಕ್ಕನ ಮಗಳಿಗೆ ದಂತ ವೈದ್ಯಕೀಯ ಕಾಲೇಜು ಆರಿಸಿಕೊಟ್ಟವನು ನಾನು. ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ವಿಶ್ವವಿದ್ಯಾಲಯ ಕಂಡವನು ನಾನೊಬ್ಬನೇ, ಓದಿದ್ದು ಸಂಖ್ಯಾಶಾಸ್ತ್ರ. ಪುರಾವೆ ಇಲ್ಲದೆ ಏನನ್ನೂ ನಂಬುವುದಿಲ್ಲ ಎಂಬ ಹೆಸರು ಬೇರೆ. ಕೌನ್ಸೆಲಿಂಗ್‌ಗೆ ಕಾಲೇಜುಗಳ ಪಟ್ಟಿ ತುಂಬುವ ವಾರ ಬಂದಾಗ ಭಾವ ಕೈಚೆಲ್ಲಿದರು.

"ಹಸ ಆದ್ರೆ ಬಾಯಿ ತೆಗ್ಸಿ ಹಲ್ಲು ನೋಡಿ ಎಂಥದ್ದು ಅಂತ ಏಳ್ಬುಡ್ತೀನಿ. ಕಾಲೇಜು ನೀನೇ ನೋಡ್ಲಾ."

ಎರಡು ಕಾಲೇಜುಗಳಲ್ಲಿ ಸೀಟು ಸಿಗುವಂತಿತ್ತು. ಒಂದು ದೂರದ ಜಿಲ್ಲೆಯದು, ಸುಣ್ಣ ಉದುರುವ ಹಳೆಯ ಕಟ್ಟಡ. ಇನ್ನೊಂದು ಹೊಸದು, ಹತ್ತಿರದ್ದು. ಹುಡುಗಿಗೆ ಹಳೆಯದೇ ಬೇಕಿತ್ತು. ಅಲ್ಲಿ ಓದುತ್ತಿದ್ದ ಪರಿಚಯದವಳೊಬ್ಬಳು, ರೋಗಿಗಳು ಬೆಳಗಾದರೆ ಬಾಗಿಲಲ್ಲಿ ಮುಗಿಬೀಳುತ್ತಾರೆ ಎಂದಿದ್ದಳಂತೆ. ಹಲ್ಲಿನ ಕೆಲಸವನ್ನು ಪುಸ್ತಕ ಕಲಿಸುವುದಿಲ್ಲ, ರೋಗಿಗಳ ಬಾಯಿ ಕಲಿಸುತ್ತದೆ ಎಂದು ನನಗೂ ಗೊತ್ತಿತ್ತು. ಆದರೆ ಒಬ್ಬಳ ಮಾತು ಪುರಾವೆಯೇ? ಎಣಿಸಿ ನೋಡೋಣ ಎಂದೆ.

ಹತ್ತಿರದ ಕಾಲೇಜಿಗೆ ಅವಳನ್ನೂ ಕರೆದುಕೊಂಡು ಒಂದು ಬೆಳಗ್ಗೆ ಹೋದೆ. ಬೆಂಚುಗಳೆಲ್ಲ ತುಂಬಿ ಜನ ನೆಲದ ಮೇಲೂ ಕೂತಿದ್ದರು. ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತ ಎಣಿಸಿದೆ. ದೂರದ ಕಾಲೇಜಿಗೆ ಹೋಗಲೇ ಇಲ್ಲ. ಪಟ್ಟಿಯಲ್ಲಿ ಹತ್ತಿರದ್ದನ್ನೇ ಮೊದಲು ಬರೆಸಿದೆ, ಅದೇ ಸಿಕ್ಕಿತು.

ನಾನು ಎಣಿಸಿದ ದಿನ ಅಲ್ಲಿ ಕಾಲೇಜಿನ ಮಾನ್ಯತೆಯ ತಪಾಸಣೆಯವರು ಬರುವುದಿತ್ತು. ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಳ್ಳಿಗಳಿಂದ ಬಸ್ಸುಗಳಲ್ಲಿ ಜನರನ್ನು ತುಂಬಿಕೊಂಡು ಬಂದು ಕೂರಿಸಿದ್ದರು. ಇದು ಹುಡುಗಿಗೆ ಗೊತ್ತಾದದ್ದು ಎರಡು ವರ್ಷದ ಮೇಲೆ.

ನನಗೆ ಗೊತ್ತಾದದ್ದು ಯಾವಾಗ? ಬೆಂಚಿನ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದಂತೆ, ನನ್ನನ್ನು ಕರೆದು ನಕ್ಕಂತೆ ನೆನಪು. "ನನ್ ಬಾಯಲ್ಲಿ ಏನೈತೆ ನೋಡಪ್ಪ, ಬರೀ ವಸಡು. ಬಸ್ ಅತ್ತು ಅಂದ್ರು, ಅತ್ಬುಟ್ಟೆ. ಮದ್ಯಾನ್ಕೆ ಊಟ ಆಕ್ತಾರಂತೆ." ಈ ಮಾತನ್ನು ಅಂದೇ ಕೇಳಿ, ಮೊದಲೇ ಎಣಿಸಿ ಮುಗಿಸಿದ್ದರಿಂದ ಕಿವಿಗೆ ಹಾಕಿಕೊಳ್ಳದೆ ಹೋದೆನೋ? ಅಥವಾ ಹುಡುಗಿ ವಿಷಯ ತಿಳಿಸಿದ ಮೇಲೆ ನನ್ನ ಮನಸ್ಸೇ ಆ ಮುದುಕಿಯನ್ನು ತಂದು ಬೆಂಚಿನ ಮೇಲೆ ಕೂರಿಸಿತೋ? ಅವಳ ಸೀರೆ ಒಮ್ಮೆ ಹಸಿರಾಗಿ ಕಾಣುತ್ತದೆ, ಒಮ್ಮೆ ಕಂದು. ಮಾತು ಮಾತ್ರ ಬದಲಾಗುವುದಿಲ್ಲ.

ಓದಿನ ಕೊನೆಯ ವರ್ಷಗಳಲ್ಲಿ ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿರಬೇಕು ಎಂಬ ಕಟ್ಟಳೆ ಇತ್ತು. ರೋಗಿಗಳಿಲ್ಲ, ವಿದ್ಯಾರ್ಥಿಗಳೇ ಹುಡುಕಿ ತರಬೇಕು. ಭಾನುವಾರ ಊರಿಗೆ ಬಂದರೆ ಅವಳು ಮನೆಮನೆ ಸುತ್ತುತ್ತಿದ್ದಳು. ಜಗಲಿಯ ಹೆಂಗಸರು ಅವಳನ್ನು ಕಂಡ ಕೂಡಲೇ, "ಬಂದ್ಲು ಕಣ್ರೇ, ಬಾಯ್ ಮುಚ್ಕಳಿ!" ಎಂದು ಸೆರಗು ಅಡ್ಡ ಹಿಡಿಯುತ್ತಿದ್ದರು. ಅವಳೂ ನಗುತ್ತಿದ್ದಳು. ಕೊನೆಗೆ ಲೆಕ್ಕಕ್ಕೆ ಒಂದು ಹಲ್ಲು ಕಡಿಮೆ ಬಿದ್ದಾಗ ಅಕ್ಕ ಹೋಗಿ ಕುರ್ಚಿಯಲ್ಲಿ ಕೂತಳು. ತುಂಬಿಸಿದ್ದರೆ ಉಳಿಯುತ್ತಿದ್ದ ದವಡೆ ಹಲ್ಲು. "ಕಿತ್ಕಳವ್ವ, ಇನ್ನೊಂದು ಮಗ್ಗಲಲ್ಲಿ ಅಗೀತೀನಿ" ಎಂದಳಂತೆ. ಮಗಳು ಕೀಳುವಾಗ ಬೇರು ಒಳಗೇ ಮುರಿಯಿತು. ಮೇಷ್ಟ್ರು ಬಂದು ತೆಗೆದರು.

ಈಗ ಹುಡುಗಿ ಪಾಂಡವಪುರದ ಒಂದು ಕ್ಲಿನಿಕ್ಕಿನಲ್ಲಿ ಇದ್ದಾಳೆ. ಹಲ್ಲು ಶುಚಿ ಮಾಡುತ್ತಾಳೆ. ಕೀಳುವುದಿದ್ದರೆ ಮಾಲೀಕ ಡಾಕ್ಟರು ಬರುವವರೆಗೆ ಕೂರಿಸುತ್ತಾಳೆ. ಕಳೆದ ತಿಂಗಳು ನಾನಿರುವ ಶ್ರೀರಂಗಪಟ್ಟಣದಿಂದ ಬಸ್ಸು ಹಿಡಿದು ಹೋಗಿದ್ದೆ. ಯಾರೂ ಇಲ್ಲದ ಹೊತ್ತು ನೋಡಿ ಕೇಳಿದಳು.

"ಮಾವ, ಅವತ್ತು ಕಾಲೇಜಲ್ಲಿ ಕೂತಿದ್ದೋರು ಬಸ್ಸಲ್ಲಿ ಕರ್ಕೊಂಡು ಬಂದ ಜನ ಅಂತ ನಿಮ್ಗೆ ಅವತ್ತೇ ಗೊತ್ತಿತ್ತಾ?"

"ನೆನಪಿಲ್ಲ ಕಣವ್ವ."

"ನಾನೇ ಹಟ ಮಾಡ್ಬೇಕಿತ್ತು ಅಂತ ಇಷ್ಟು ವರ್ಷ ನನ್ನನ್ನೇ ಬೈಕೊಂಡಿದೀನಿ ಮಾವ. ಸರಿಯಾಗಿ ಹೇಳಿ."

ಆ ಮುದುಕಿ ಇದ್ದಳು ಎನ್ನುವುದಕ್ಕೆ ನನ್ನಲ್ಲಿ ಪುರಾವೆ ಇರಲಿಲ್ಲ. ಆದರೂ ಹೇಳಿದೆ: "ಅವತ್ತೇ ಒಬ್ಬ ಮುದುಕಿ ಹೇಳಿದ್ದಳು. ನಾನೇ ಸುಮ್ಮನಾದೆ."

ಅವಳು ಗ್ಲೌಸು ಬಿಚ್ಚಿ ಬುಟ್ಟಿಗೆ ಹಾಕಿದಳು.

"ಇದನ್ನ ಅಮ್ಮಂಗೆ ನೀವೇ ಹೇಳಿ."

ಆಮೇಲೆ ಎರಡು ಸಲ ಕ್ಯಾತನಹಳ್ಳಿಗೆ ಹೋಗಿ ಬಂದಿದ್ದೇನೆ. ಅಕ್ಕ ಎರಡು ಸಲವೂ ಮುದ್ದೆ ಇಕ್ಕಿ ಎದುರಿಗೇ ಕೂತಿದ್ದಳು. ಉಂಡು ಬಂದೆ.