ಹೊಳೆ ದಾಟಿಸುವವನ ರೂಮ್‌ಮೇಟ್

ನನ್ನ ರೂಮ್‌ಮೇಟ್ ಕೆಲಸ ಬಿಟ್ಟ ಮೇಲೆ ಜೋಗುಪಾಳ್ಯದ ನಮ್ಮ ಎರಡನೇ ಮಹಡಿಯ ಮನೆಯಿಂದ ಏಳು ತಿಂಗಳು ಕೆಳಗಿಳಿಯಲಿಲ್ಲ. ಹಾಲು, ಸೊಪ್ಪು, ಮೊಬೈಲ್ ಚಾರ್ಜರ್ ಎಲ್ಲ ನಾನೇ ತರುತ್ತಿದ್ದೆ. ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲಲ್ಲಿ ತಡೆದು, ಮೇಲಿರುವವರು ಉಸಿರಾಡುತ್ತಿದ್ದಾರೆ ತಾನೆ ಎಂದು ತಮಿಳು ಬೆರೆತ ಕನ್ನಡದಲ್ಲಿ ವಿಚಾರಿಸುತ್ತಿದ್ದರು. ನಾನು ಮೇಲೆ ಹೋಗಿ ಅದನ್ನು ಅವರದೇ ರಾಗದಲ್ಲಿ ಅವನಿಗೆ ಒಪ್ಪಿಸುತ್ತಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೊರಗಿನ ಲೋಕ ಅವನಿಗೆ ತಲುಪುತ್ತಿದ್ದದ್ದು ನನ್ನ ಬಾಯಿಂದ ಮಾತ್ರ ಎಂಬ ಜಂಬ ನನಗೆ.

ಇಬ್ಬರೂ ಇಂದಿರಾನಗರದ ಒಂದು ಕಾಲ್ ಸೆಂಟರಿನಲ್ಲಿ ಅಕ್ಕಪಕ್ಕ ಕುಳಿತವರು. ಅವನು ದಾವಣಗೆರೆ ಕಡೆಯವನು, ನನಗಿಂತ ಎಂಟು ವರ್ಷ ದೊಡ್ಡವನು, ಮಾತು ನಿಧಾನ. ನಮ್ಮಲ್ಲೊಂದು ನಿಯಮವಿತ್ತು: ಕರೆಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಮೌನ ಇರಕೂಡದು. ಗ್ರಾಹಕರು ಯೋಚಿಸುತ್ತಿರಲಿ, ಅಳುತ್ತಿರಲಿ, ನಾವು ಏನಾದರೊಂದು ತುಂಬಬೇಕು. ಅವನು ತುಂಬುತ್ತಿರಲಿಲ್ಲ, ಕಾಯುತ್ತಿದ್ದ. ವಾರಕ್ಕೊಮ್ಮೆ ಅವನ ರೆಕಾರ್ಡಿಂಗನ್ನು ಎಲ್ಲರಿಗೂ ಕೇಳಿಸಿ, ಹೀಗೆ ಮಾಡಬಾರದು ಎಂದು ಪಾಠ ಹೇಳುತ್ತಿದ್ದರು. ಅವನಿಲ್ಲದಾಗ ನಾನು ಅದೇ ಕರೆಯನ್ನು ಪ್ಯಾಂಟ್ರಿಯಲ್ಲಿ ಅವನ ದನಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಜನ ಅನ್ನ ನೆತ್ತಿಗೇರಿಸಿಕೊಂಡು ನಗುತ್ತಿದ್ದರು. ಆ ಆಫೀಸಿನಲ್ಲಿ ನನಗಿದ್ದ ಕೀರ್ತಿಯೆಲ್ಲ ಅವನ ಗಂಟಲಿನಿಂದ ಕದ್ದದ್ದು. ಒಂದು ಸೋಮವಾರ ಅವನು ಹೆಡ್‌ಸೆಟ್ ಬಿಚ್ಚಿಟ್ಟು ಎದ್ದು ಹೋದ.

ಮನೆಯಲ್ಲಿ ಕೂತವನು ಒಂದು ಆನ್‌ಲೈನ್ ಆಟ ಸೇರಿದ. ಅದರೊಳಗೊಂದು ಮಾಯಾಲೋಕ: ಎರಡು ಚಂದ್ರ, ಹಾರುವ ಹಾವು, ಮಾತನಾಡುವ ಮರ. ಅಲ್ಲಿಗೆ ಬಂದವರೆಲ್ಲ ಕತ್ತಿ ಹಿಡಿದು ವೀರರಾಗುತ್ತಾರೆ. ಇವನು ದೋಣಿ ಹಿಡಿದ. ಹೊಸಬರು ಬಂದಿಳಿಯುವ ಹಳ್ಳಿಗೂ ಕೋಟೆಗೂ ನಡುವೆ ಮೊಸಳೆಗಳ ಹೊಳೆ. ಜನರನ್ನು ಆಚೆ ದಡಕ್ಕೆ ಬಿಡುವುದು ಇವನ ಹೊಸ ಉದ್ಯೋಗ. ಸಂಜೆ ಆರಕ್ಕೆ ಮೈಕ್ ಹಾಕಿದರೆ ಕನ್ನಡದವರು ಹತ್ತು ಹನ್ನೆರಡು ಮಂದಿ ದಡದಲ್ಲಿ ನಿಂತಿರುತ್ತಿದ್ದರು. ಹತ್ತಿದವರನ್ನೆಲ್ಲ "ಹೆಂಗಿತ್ರೀ ಇವತ್ತು?" ಎಂದು ಕೇಳುತ್ತಿದ್ದ. ಎಲ್ಲರೂ ಹೇಳಿ ಮುಗಿಸುವವರೆಗೆ ದೋಣಿ ಕದಲುತ್ತಿರಲಿಲ್ಲ. ಪಕ್ಕದಲ್ಲೇ ಸೇತುವೆಯಿತ್ತು, ಓಡಿದರೆ ಅರ್ಧ ನಿಮಿಷ. ಆದರೂ ಇವನಿಗಾಗಿ ನಿಲ್ಲುತ್ತಿದ್ದರು. ಅದೇ ನನಗೆ ಉರಿ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕೂಗುವ ಬಸ್ ಕಂಡಕ್ಟರನ ದನಿಯನ್ನು ಬಿಸಿಬಿಸಿ ಕಲಿತು ತಂದರೆ, ಇವನು ಸ್ಕ್ರೀನಿನಿಂದ ತಲೆ ಎತ್ತುತ್ತಿರಲಿಲ್ಲ. ನಾನು ಎಷ್ಟೋ ಜನರನ್ನು ನಗಿಸಿದವನು. ಒಬ್ಬರಾದರೂ ನನಗಾಗಿ ಕಾದು ನಿಂತದ್ದು ನೆನಪಿಲ್ಲ. ಒಂದೇ ಒಂದು ಸಂಜೆ ಹಾಗೆ ಕಾಯಿಸಿಕೊಳ್ಳಬೇಕು ಅನ್ನಿಸಿತು.

ಅವಕಾಶ ಕೊಟ್ಟದ್ದು ಅವನ ದವಡೆ ಹಲ್ಲು. ಒಂದು ಶನಿವಾರ ಸಂಜೆ ನೋವು ತಡೆಯಲಾರದೆ ಅವನು ಕೊನೆಗೂ ಕೆಳಗಿಳಿದ. ಹಲಸೂರಿನ ದಂತವೈದ್ಯರಲ್ಲಿಗೆ ಆಟೋ ಹತ್ತಿಸಿ, ನಿಧಾನಕ್ಕೆ ಬಾ ಎಂದು ಹರಸಿ, ಮೆಟ್ಟಿಲನ್ನು ಎರಡೆರಡೇ ಹತ್ತಿ ಬಂದು ಅವನ ಕುರ್ಚಿಯಲ್ಲಿ ಕೂತು ಮೈಕ್ ಹಾಕಿದೆ.

"ಹೆಂಗಿತ್ರೀ ಇವತ್ತು?" ಎಂದೆ. ಹೆತ್ತ ತಾಯಿಯೂ ಮೋಸಹೋಗಬೇಕು, ಹಾಗಿತ್ತು ದನಿ. ದೋಣಿಯಲ್ಲಿ ಮುಂದೆ ಕೂತಿದ್ದವರು ಬೆನ್ಸನ್ ಟೌನಿನ ಒಬ್ಬ ರಿಟೈರ್ಡ್ ಟೀಚರು, ದಿನಾ ಬರುವವರು. "ಇವತ್ತು..." ಎಂದು ನಿಲ್ಲಿಸಿದರು. ಒಂದು, ಎರಡು, ಮೂರು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಚಿಂತೆ ಮಾಡಬೇಡಿ, ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಬೇರೇನಾದರೂ ಸಹಾಯ ಬೇಕೆ ಎಂದು ಆಫೀಸಿನ ಗಿಳಿಪಾಠವನ್ನು ದಾವಣಗೆರೆಯ ದನಿಯಲ್ಲಿ ಒಪ್ಪಿಸಿಬಿಟ್ಟೆ.

"ನೀವ್ಯಾರ್ರೀ?" ಅಂದರು ಟೀಚರು. "ಅವ್ರಿಗೇನಾದ್ರೂ ಆಯ್ತಾ?"

ನಾನೇ ಅವನು ಎಂದು ವಾದಿಸಿದೆ. ಅವನ ಕೆಮ್ಮನ್ನೂ ಸೇರಿಸಿದೆ. ಒಬ್ಬೊಬ್ಬರೇ ದೋಣಿಯಿಂದ ಇಳಿದರು. ಸೇತುವೆಯ ಕಡೆಗಾದರೂ ಹೋದರೇ? ಅದೂ ಇಲ್ಲ. ದಡದಲ್ಲಿ ಸಾಲಾಗಿ ಕೂತು, ನನ್ನ ಕಣ್ಣೆದುರೇ ಅವನಿಗಾಗಿ ಕಾದರು.

ಅವನು ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡು ಬಂದಾಗ ಸುಳ್ಳು ಹೇಳುವ ಯೋಚನೆಯಿತ್ತು. ಆದರೆ ನನ್ನನ್ನೂ ಸ್ಕ್ರೀನನ್ನೂ ನೋಡಿ ಸುಮ್ಮನೆ ನಿಂತ. ಆ ಮೌನವನ್ನೂ ತುಂಬದೆ ಇರಲಾರದೆ ಎಲ್ಲ ಹೇಳಿದೆ. ಸಂಜೆಯದು ಮುಗಿದ ಮೇಲೂ ಅವನು ಮಾತಾಡದ್ದಕ್ಕೆ ಪ್ಯಾಂಟ್ರಿಯದನ್ನೂ ಹೇಳಿದೆ.

"ಗೊತ್ತು ಮಗಾ," ಅಂದ, ಮರಗಟ್ಟಿದ ತುಟಿಯಲ್ಲಿ. "ಪ್ಯಾಂಟ್ರಿ ಬಾಗ್ಲು ತೆಗ್ದೇ ಇರ್ತಿತ್ತಲ್ಲ."

ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತೇನೋ. ನಾಚಿಕೆಗೇಡು ಏನೆಂದರೆ, ಅದನ್ನು ಕೇಳುವಾಗಲೇ ನನ್ನ ನಾಲಿಗೆ ಆ ತೊದಲನ್ನು ಕಲಿಯಲು ಶುರುಮಾಡಿತ್ತು. ಅವನು ಹೆಡ್‌ಸೆಟ್ಟನ್ನು ನನ್ನ ಕೈಗೇ ಕೊಟ್ಟ. "ನೀನೇ ಹೇಳು. ಹಲ್ಲು ಕೀಳ್ಸಿದೀನಿ ಅಂತ."

ಹೇಳಿದೆ. ದಡದಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಯಾವ ಹಲ್ಲು, ರಕ್ತ ನಿಂತಿತೇ, ಬಿಸಿ ಕೊಡಬೇಡಿ, ಐಸ್‌ಕ್ರೀಮ್ ಕೊಡಿ, ಹತ್ತಿ ಬದಲಿಸಿ. ನಾನು ಯಾರೆಂದು ಟೀಚರು ಕೂಡ ಮತ್ತೆ ಕೇಳಲಿಲ್ಲ. ಅವನು ನನ್ನ ಭುಜದ ಮೇಲಿಂದ ಕೈಚಾಚಿ ದೋಣಿಯನ್ನು ದಡಕ್ಕೆ ತಂದ. ಅಷ್ಟೂ ಮಂದಿ ಹತ್ತಿ ಕೂತರು, ಬಾಯಿಬಿಡಲಾಗದ ಅಂಬಿಗನಿಗೆ ತಮ್ಮ ದಿನ ಹೇಳಲು.

ಐಸ್‌ಕ್ರೀಮ್ ತರಲು ನಾನು ಕೆಳಗಿಳಿದೆ. ನನ್ನ ಮೂವತ್ತೆರಡು ಹಲ್ಲೂ ಕಲ್ಲಿನ ಹಾಗೆ ಗಟ್ಟಿಯಾಗಿದ್ದದ್ದಕ್ಕೆ ಅವತ್ತು ಮೊದಲ ಸಲ ಬೇಸರವಾಯಿತು.