ಸುರಗಿ ಗಿಡಕ್ಕೆ ಕುಂಕುಮವಿಲ್ಲ

ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು ಹೂ ಮಾರುವ ದುರ್ಗಿ ತನ್ನ ಬುಟ್ಟಿಯ ಪಕ್ಕದಲ್ಲೇ ಒಂದು ಸುರಗಿ ಗಿಡ ನೆಟ್ಟಿದ್ದಳು. ರಸ್ತೆ ಅಗಲ ಮಾಡುವಾಗ ಅಲ್ಲಿದ್ದ ಹಳೆಯ ಸುರಗಿ ಮರ ಹೋಗಿತ್ತು. ಅದರ ಬೀಜದಿಂದ ಎದ್ದ ಸಸಿ ಇದು. ಬೇಸಿಗೆಯಲ್ಲೆಲ್ಲ ನೀರು ಹೊತ್ತು ಸೊಂಟದೆತ್ತರಕ್ಕೆ ತಂದಿದ್ದಳು.

೨೦೦೪ರಲ್ಲಿ ಪೇಟೆಯನ್ನು ಚೆಂದ ಮಾಡಲು ಹೊರಟ ಪಟ್ಟಣ ಪಂಚಾಯತಿಯವರು ಅದನ್ನು ಕಿತ್ತು ಬಣ್ಣದೆಲೆಯ ಶೋ ಗಿಡ ನೆಡುತ್ತಾರೆಂಬ ಸುದ್ದಿ ಬಂತು.

"ದುರ್ಗಕ್ಕಾ, ಬುಡಕ್ಕೊಂದು ಕಲ್ಲಿಟ್ಟು ಕುಂಕುಮ ಹಾಕು. ಆಮೇಲೆ ಯಾರು ಮುಟ್ತಾರೆ?" ಎಂದರು ಕಿರಾಣಿ ಅಂಗಡಿಯ ಗುರುದತ್ತ ಶಾನಭಾಗರು.

ದುರ್ಗಿ ದೇವರಿಗೆ ದೀಪ ಹಚ್ಚದೆ ಚಹಾ ಕೂಡ ಕುಡಿಯುವವಳಲ್ಲ. "ಇಲ್ದಿದ್ದ ದೇವ್ರನ್ನ ತಂದು ಕೂರ್ಸಿ ಗಿಡದ ಕಾವಲು ಕಾಯ್ಸೂದಾ? ನನ್ನ ಕೈಲಾಗೂದಿಲ್ಲ, ಶಾನಭಾಗ್ರೇ."

"ಹಂಗಾದ್ರೆ ಗಿಡ ಹೋತು, ತಿಳ್ಕ."

"ಹೆಂಗೆ ಹೋಗ್ತದೆ, ನಾನೂ ನೋಡ್ತೆ."

ಮೇಸ್ತ್ರಿ ಆಳುಗಳೊಂದಿಗೆ ಬಂದ ದಿನ ಅವಳು ಗಿಡಕ್ಕೆ ಬೆನ್ನು ತಾಗಿಸಿ ಕುಳಿತಿದ್ದಳು. ಮೇಸ್ತ್ರಿ ಹಿಂಜರಿದ. "ಎಂತ ಅಮ್ಮಾ, ದೇವ್ರ ಗಿಡವಾ? ಹೌದಂದ್ರೆ ಬಿಟ್ಟು ಹೋಗ್ತೆ."

ಅಂಗಡಿಯೊಳಗಿಂದ ಶಾನಭಾಗರು, ಹೌದೆನ್ನು ಎಂಬಂತೆ ಜೋರಾಗಿ ತಲೆಯಾಡಿಸಿದರು.

"ಅಲ್ಲ," ಎಂದಳು ದುರ್ಗಿ. "ಸುರಗಿ ಗಿಡ. ನಿನ್ನ ಅಜ್ಜಿ ಮುಡಿದ ಹೂವು. ಅಷ್ಟಕ್ಕೇ ಬಿಡೂದಾದ್ರೆ ಬಿಡು, ಇಲ್ದಿದ್ರೆ ನನ್ನನ್ನೂ ಸೇರ್ಸಿ ಕೀಳು."

"ಇದು ಹೂ ಬಿಡೂಕೆ ಎಷ್ಟೋ ವರ್ಷ ಬೇಕು, ಅಷ್ಟ್ರೊಳಗೆ ನೀನೇ ಇರೂದಿಲ್ಲ!" ಎಂದ ಮೇಸ್ತ್ರಿ.

"ಇದ್ದವ್ರು ಮುಡೀತಾರೆ. ನಿಂಗೆಂತ ಹೊಟ್ಟೆಕಿಚ್ಚು?"

ಆಳುಗಳು ನಕ್ಕರು. ಮೇಸ್ತ್ರಿ ಮುಖ ಊದಿಸಿಕೊಂಡು, ಶೋ ಗಿಡದ ಗುಂಡಿಯನ್ನು ಆಚೆ ತೋಡಿ ಎಂದು ಅವರಿಗೆ ಹೇಳಿದ. ಹೋಗುವಾಗ ತಿರುಗಿ ನಿಂತು, "ನಾಳೆ ಸಾಹೇಬ್ರನ್ನೇ ಕರ್ಕಂಡು ಬರ್ತೆ," ಎಂದ.

"ಆತು, ಕರ್ಕಂಡು ಬಾ," ಎಂದಳು ದುರ್ಗಿ. "ಅವ್ರಿಗೂ ಇದನ್ನೇ ಹೇಳ್ತೆ."