ರೊಟ್ಟಿ ಬಡಿತ ಕೇಳುವ ಓಣಿ

ಕಾಕುವಿನ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ನಡುಗೆಣ್ಣಿನ ಮೇಲೆ ಹಲ್ಲು ನಾಟಿದ ಗುರುತು ಬೆಳ್ಳಗೆ ಉಳಿದಿತ್ತು. ರೊಟ್ಟಿ ಬಡಿಯುವಾಗ ಉಳಿದ ಬೆರಳುಗಳು ಹಿಟ್ಟಿನ ಮೇಲೆ ಬೀಳುತ್ತಿದ್ದವು, ಅದೊಂದು ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಹೀಗಾಗಿ ಅವರ ಬಡಿತದ ಸಪ್ಪಳವೇ ಬೇರೆ: ಒಂದು ಏಟು ಗಟ್ಟಿ, ಇನ್ನೊಂದು ಪೊಳ್ಳು. ಓಣಿಯಲ್ಲಿ ಕಣ್ಣು ಮುಚ್ಚಿ ನಿಂತರೂ ಇದು ಕಾಕುವಿನ ರೊಟ್ಟಿ ಎಂದು ಹೇಳಬಹುದಿತ್ತು. ಬೆರಳಿನ ಮೇಲಿದ್ದದ್ದು ನನ್ನ ಅವ್ವನ ಹಲ್ಲಿನ ಗುರುತು.

ಅವರು ನಮಗೆ ಸಂಬಂಧಿಕರಲ್ಲ. ಜೇವರ್ಗಿಯಲ್ಲಿ ನಮಗೆ ಇರಲು ಜಾಗ ಕೊಟ್ಟವರು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಒಂದು ಎಮ್ಮೆ ಇತ್ತು. ಇಡೀ ಓಣಿ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಾವೂ ಹಾಗೆಯೇ ಕರೆದೆವು.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ಬಸ್ ಡ್ರೈವರ್. ನಾವು ಅಫಜಲಪುರದಲ್ಲಿದ್ದೆವು. ಅವ್ವನಿಗೆ ಫಿಟ್ಸ್ ಬರುತ್ತಿತ್ತು. ಗುಲಬರ್ಗಾದಿಂದ ತರುವ ಗುಳಿಗೆ ತಪ್ಪಿದರೆ ಹೆಚ್ಚು, ತಪ್ಪದಿದ್ದರೆ ಕಡಿಮೆ, ಪೂರ್ತಿ ನಿಂತದ್ದಿಲ್ಲ. ಅಪ್ಪನಿಗೆ ಜೇವರ್ಗಿಗೆ ವರ್ಗವಾದಾಗ ಅವನ ಲೆಕ್ಕಾಚಾರ ಒಂದೇ ಆಗಿತ್ತು: ಅವ್ವ ಬಿದ್ದದ್ದು ಯಾರ ಕಣ್ಣಿಗೂ ಬೀಳಬಾರದು. ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಹಿಡಿದ. ಸುತ್ತ ಖಾಲಿ ಪ್ಲಾಟುಗಳು, ಜಾಲಿಗಿಡ. ಪಕ್ಕದ ಮನೆ ಎಂದರೆ ಒಂದು ಹೊಲದಷ್ಟು ದೂರ. ಸಿಮೆಂಟಿನ ನೆಲ, ಗಟ್ಟಿ ಬಾಗಿಲು. ಅಪ್ಪನಿಗೆ ಸಮಾಧಾನವಾಯಿತು.

ಒಂದು ಮಧ್ಯಾಹ್ನ ನಾನು ಹೈಸ್ಕೂಲಿನಿಂದ ಬಂದಾಗ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಕೂಗಿದೆ, ಬಡಿದೆ. ಕೊನೆಗೆ ಕಿಟಕಿಗೆ ಮುಖ ಹಚ್ಚಿ ನೋಡಿದೆ. ಅವ್ವ ಒಲೆಯ ಮುಂದೆ ಬಿದ್ದಿದ್ದಳು. ಎಡಗೈ ಒಲೆಯ ಬಾಯಲ್ಲಿತ್ತು. ಬೆಂಕಿ ಆರಿತ್ತು, ಕೆಂಡ ಇತ್ತು. ರಸ್ತೆಗೆ ಓಡಿದೆ. ಎತ್ತಿನ ಬಂಡಿ ಹೊಡೆದುಕೊಂಡು ಹೋಗುತ್ತಿದ್ದವರು ಬಂದು ಬಾಗಿಲು ಮುರಿದರು. ಅದೇ ವಾರ ಮನೆಯ ಮಾಲಕ ಬಂದು, ಮನಿ ಸುಟ್ರ ಯಾರು ಕಟ್ಟಿಕೊಡಬೇಕ್ರಿ ಎಂದು ಕೇಳಿ ಖಾಲಿ ಮಾಡಲು ಹೇಳಿದ.

ಮತ್ತೆ ಮನೆ ಹುಡುಕಲು ಹೊರಟೆವು. ಈ ಸಲ ಅವ್ವನ ಮೊಣಕೈತನಕ ಬಿಳಿ ಪಟ್ಟಿ ಇತ್ತು. ಕೈಗೆ ಏನಾಯಿತೆಂದು ಕೇಳಿದರೆ ಬಿಸಿನೀರು ಬಿತ್ತೆಂದು ಅಪ್ಪ ಹೇಳುತ್ತಿದ್ದ. ಸಣ್ಣ ಊರು; ಬಡಾವಣೆಯ ಸುದ್ದಿ ನಮಗಿಂತ ಮುಂಚೆ ತಲುಪುತ್ತಿತ್ತು. ಒಂದು ಕಡೆ ಬಾಗಿಲಿಗೆ ಬೀಗ ಜೋತಾಡುತ್ತಿದ್ದರೂ ಬೇರೆಯವರಿಗೆ ಕೊಟ್ಟಾಗಿದೆ ಎಂದರು. ಇನ್ನೊಂದು ಕಡೆ ಯಾವ ಮಂದಿ ಎಂದು ಕೇಳಿದರು, ಹೇಳಿದೆವು, ಚಹಾ ಕೊಟ್ಟರು. ಚಹಾದ ಬಟ್ಟಲು ಎತ್ತಿದಾಗ ಅವ್ವನ ಕೈಯ ಪಟ್ಟಿ ಕಂಡಿತು. ಆಮೇಲೆ ಮನೆಯೊಡತಿ ಒಳಗೆ ಹೋದವಳು ಹೊರಗೆ ಬರಲಿಲ್ಲ.

ಮನೆ ಸಿಗದಿದ್ದರೆ ಅವ್ವನನ್ನು ಮಣ್ಣೂರಿನ ತವರಿಗೆ ಬಿಡುವುದೆಂದು ಅಪ್ಪ ತೀರ್ಮಾನಿಸಿದ್ದ. ಅಲ್ಲಿ ಸೋದರಮಾವನ ಹೆಂಡತಿ ಮುಂಚೆಯೇ ಶರತ್ತು ಹೇಳಿ ಕಳಿಸಿದ್ದಳು: ಅಡುಗೆಮನೆಗೆ ಬರುವಂತಿಲ್ಲ, ಮಕ್ಕಳನ್ನು ಎತ್ತಿಕೊಳ್ಳುವಂತಿಲ್ಲ, ಮಲಗುವುದು ದನದ ಕೊಟ್ಟಿಗೆಯ ಬದಿಯ ಪಡಸಾಲೆಯಲ್ಲಿ. ಅವ್ವನಿಗೆ ಇದು ಗೊತ್ತಿತ್ತು. ಅವಳು ಊಟ ಬಿಟ್ಟಿದ್ದಳು.

ಹಳೆ ಊರಿನ ಆ ಓಣಿಯಲ್ಲಿಯೂ ನಮಗೆ ಇಲ್ಲ ಎಂದೇ ಹೇಳಿದರು. ಎದುರಿನ ಕಟ್ಟೆಯ ಮೇಲೆ ಕುಳಿತು ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ ಉಜ್ಜುತ್ತಿದ್ದ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದರು. ಹಣೆಯ ತುಂಬ ವಿಭೂತಿ. ಉಗುಳಿ, ಬಾಯಿ ಒರೆಸಿಕೊಂಡು, ನೇರವಾಗಿ ಅವ್ವನನ್ನು ಕೇಳಿದರು.

"ಫಿಟ್ಸ್ ಬರ್ತಾವೇನು?"

"ಇಲ್ರಿ," ಅಪ್ಪ ಹೇಳಿದ. "ಬಿಸಿನೀರು ಬಿದ್ದದ."

"ನಿಮಗ ಕೇಳಿಲ್ಲ ಡ್ರೈವರ್ ಸಾಹೇಬ್ರ. ಆಕಿಗಿ ಬಾಯಿ ಇಲ್ಲೇನು?"

"ಬರ್ತಾವ್ರಿ," ಎಂದಳು ಅವ್ವ. ಆ ಊರಿನಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕಾಕು ಎದ್ದು ನಿಂತು ಅಪ್ಪನಿಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಬಸ್ ತುಂಬ ಮಂದೀನ ಊರಿಗಿ ಮುಟ್ಟಸ್ತೀರಿ, ಹೇಣ್ತಿಗಿ ಒಂದು ಜಗಾ ನೋಡಾಕ ಬರಲಿಲ್ಲ ನಿಮಗ. ಇಂಥಾಕಿನ್ನ ಒಯ್ದು ಅಡವ್ಯಾಗ ಇಟ್ರಿ. ಈ ಓಣ್ಯಾಗ ಒಂದು ಮನ್ಯಾಗ ರೊಟ್ಟಿ ಬಡದ್ರ ಎಲ್ಲಾ ಮನಿಗೂ ಕೇಳ್ತದ. ನಿಂತ್ರೂ ಕೇಳ್ತದ."

ಅವರ ಬಳಿ ಬಾಡಿಗೆಗೆ ಕೊಡುವ ಮನೆ ಇರಲಿಲ್ಲ. ಎಮ್ಮೆಗೆ ಜೋಳದ ಕಣಿಕೆ ಒಟ್ಟುವ ಕೋಣೆ ಇತ್ತು. ಕಣಿಕೆಯನ್ನು ಮಾಳಿಗೆಗೆ ಹೊರಿಸಿ, ನೆಲ ಸಾರಿಸಿ ಅದನ್ನು ನಮಗೆ ಬಿಟ್ಟರು. ನಾವು ಸಾಮಾನು ಇಳಿಸುವ ಮುಂಚೆ ಬಡಿಗನ ಮನೆಯಿಂದ ಇಕ್ಕಳ ತಂದು ಬಾಗಿಲಿನ ಒಳಗಿನ ಅಗಳಿಯನ್ನು ಕಿತ್ತು ತೆಗೆದರು. ಕಳ್ಳಕಾಕರ ಭಯ ಎಂದು ಅಪ್ಪ ಗೊಣಗಿದ. "ಕಳ್ಳ ಬಂದ್ರ ನಿಮ್ಮ ಮನ್ಯಾಗ ಏನ್ ಒಯ್ತಾನ್ರಿ?" ಎಂದರು. "ಆಕಿ ಬಿದ್ರ ನಾ ಬಾಗಲಾ ಮುರಕೊಂತ ಕೂಡ್ಲೇನು?"

ಮರುದಿನ ನಳದ ಹತ್ತಿರ, ಕೊಡ ಹಿಡಿದು ನಿಂತ ಹೆಂಗಸರೆಲ್ಲರ ಎದುರು, ಅವ್ವನ ರೋಗವನ್ನು ಡಂಗುರ ಹೊಡೆದಂತೆ ಹೇಳಿದರು. ಯಾವಾಗ ಬರುತ್ತದೆ, ಮುಂಚೆ ಏನಾಗುತ್ತದೆ, ಕಣ್ಣು ಹೇಗೆ ತಿರುಗುತ್ತದೆ, ಎಲ್ಲ. ಅವ್ವ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತಳು. ಮಾನ ಹೋಯಿತೆಂದು ಅಪ್ಪ ಎರಡು ದಿನ ಕಾಕುವಿನ ಮುಖ ನೋಡಲಿಲ್ಲ. ಕಾಕು ಮೃದು ಮಾತಿನವರಲ್ಲ. ನಳದ ಪಾಳಿಗೆ ದಿನವೂ ಜಗಳ ತೆಗೆಯುತ್ತಿದ್ದರು. ಮಜ್ಜಿಗೆ ಕೇಳಿದವರಿಗೆ ಅರ್ಧ ನೀರು ಬೆರೆಸಿ ಕೊಡುತ್ತಿದ್ದರು. ಸಹಾಯ ಮಾಡುವಾಗಲೂ ಬೈಯುವಂತೆಯೇ ಮಾಡುತ್ತಿದ್ದರು.

ಒಲೆಯ ಮುಂದೆ ಅವ್ವ ಒಬ್ಬಳೇ ಕೂಡುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆ. ಎರಡೂ ಮನೆಯ ರೊಟ್ಟಿ ಅವರ ಒಲೆಯಲ್ಲೇ ಆಗುತ್ತಿತ್ತು. "ನೀ ಬಡಿ, ನಾ ಬೇಸ್ತೇನಿ" ಎಂದು ಅವ್ವನ ಕೈಯ ಪಟ್ಟಿ ಬಿಚ್ಚಿದ ದಿನವೇ ಕೆಲಸ ಹಂಚಿದ್ದರು. ಅವ್ವ ಬಿದ್ದೆದ್ದ ದಿನಗಳಲ್ಲಿ ಮಾತ್ರ ತಾವೇ ಬಡಿಯುತ್ತಿದ್ದರು. ಅಮಾವಾಸ್ಯೆಗೆ ಅವರು ಅಂದೋಲಾದ ಮಠಕ್ಕೆ ಹೋದ ದಿನ ಪಕ್ಕದ ಮನೆಯ ಸೊಸೆ ಬಂದು ಒಲೆಯ ಮುಂದೆ ಕೂಡುತ್ತಿದ್ದಳು. ಅವಳು ತಾನಾಗಿ ಬಂದವಳಲ್ಲ, ಕಾಕುವಿನ ಬಾಯಿಗೆ ಹೆದರಿ ಬಂದವಳು. ವರ್ಷ ಕಳೆಯುವಷ್ಟರಲ್ಲಿ ಹೆದರಿಕೆ ಬಿಟ್ಟು ರೂಢಿಯಾಯಿತು.

ಬೆರಳಿನ ಘಟನೆ ನಡೆದದ್ದು ನಾವು ಹೋದ ಹೊಸತರಲ್ಲಿ. ಅವ್ವ ಅಂಗಳದಲ್ಲಿ ಬಿದ್ದಳು. ಹೆಂಗಸರು ಬಂದರು, ಆದರೆ ಮುಟ್ಟಲು ಅಂಜಿ ಗೋಡೆಗೆ ಆತು ನಿಂತರು. ಒಬ್ಬರು ಮೂಸಿಸಲು ಉಳ್ಳಾಗಡ್ಡಿ ತಂದರು, ಒಬ್ಬರು ಕೈಯಲ್ಲಿ ಹಿಡಿಸಲೆಂದು ಕೀಲಿಕೈ ಎಸೆದರು. ಕಾಕು ಎಮ್ಮೆ ಹಿಂಡುತ್ತಿದ್ದವರು ಓಡಿಬಂದು, ನಾಲಿಗೆ ಕಡಿದುಕೊಂಡಾಳೆಂದು ಅವ್ವನ ಬಾಯಿಗೆ ತಮ್ಮ ಬೆರಳು ಕೊಟ್ಟರು. ಅವ್ವನ ಹಲ್ಲು ಎಲುಬಿನತನಕ ಇಳಿಯಿತು. ಬೆರಳು ಕಟ್ಟಿಸಿಕೊಳ್ಳಲು ಹೋದಾಗ ದವಾಖಾನೆಯ ಕಂಪೌಂಡರ್ ಅವರಿಗೇ ಬೈದ: ಬಾಯಿಗೆ ಏನೂ ಇಡಬಾರದು, ಬಿಗಿಯಾಗಿ ಹಿಡಿಯಬಾರದು, ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಸಾಕು. ಕಾಕು ಅದನ್ನೂ ಮರುದಿನ ನಳದ ಹತ್ತಿರ ಎಲ್ಲರಿಗೂ ಹೇಳಿದರು. ತಮ್ಮದು ತಪ್ಪಾಯಿತೆಂಬ ಸಂಕೋಚ ಇರಲಿಲ್ಲ. ಮುಂದೆ ಅವ್ವ ಆ ಬೆರಳು ನೋಡಿ ಕಣ್ಣೀರು ತಂದಾಗಲೆಲ್ಲ, "ಬಿಡು ಬೇ, ಜಗಳದಾಗ ಮಂದೀಗಿ ತೋರ್ಸಾಕ ಚಲೋ ಆಗೇದ" ಎನ್ನುತ್ತಿದ್ದರು.

ಆ ಕೋಣೆಯಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ಅವ್ವ ಎಷ್ಟೋ ಸಲ ಬಿದ್ದಳು. ಒಮ್ಮೆಯೂ ಒಬ್ಬಳೇ ಬಿದ್ದಿರಲಿಲ್ಲ.

ಕಾಕು ತೀರಿಹೋದ ಬೆಳಿಗ್ಗೆ ನಾನು ಊರಿನಲ್ಲೇ ಇದ್ದೆ. ನೀರು ತಡವಾಗಿ ಬಂದಿತ್ತು. ಅವ್ವ ನಳದ ಪಾಳಿಯಲ್ಲಿದ್ದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಅವ್ವನಿಗಾಗಿ ಕಾದು ಸಾಕಾಗಿ ಕಾಕು ತಾವೇ ಬಡಿಯಲು ಕುಳಿತಿದ್ದರು. ಗಟ್ಟಿ ಏಟು, ಪೊಳ್ಳು ಏಟು ಓಣಿಯ ತುದಿಯವರೆಗೂ ಕೇಳುತ್ತಿತ್ತು. ಹೆಂಗಸರು ಪಾಳಿಗಾಗಿ ವಾದ ಮಾಡುತ್ತಿದ್ದರು. ಅವ್ವ ಒಮ್ಮೆಲೇ ತಲೆ ಎತ್ತಿದಳು. ನನಗೆ ಏನೂ ತಿಳಿಯಲಿಲ್ಲ. ಅವಳ ಕೈಯಿಂದ ಕೊಡ ಬಿತ್ತು, ಅವಳು ಓಡಿದಳು. ಬಡಿತ ನಿಂತಿದೆ ಎಂಬುದು ನಮಗೆಲ್ಲ ಹೊಳೆದದ್ದು ಆಮೇಲೆ.

ನಾನು ಒಳಗೆ ಹೋದಾಗ ಕಾಕುವಿನ ತಲೆ ಅವ್ವನ ತೊಡೆಯ ಮೇಲಿತ್ತು. ಅವ್ವ ಅವರನ್ನು ಮಗ್ಗುಲಿಗೆ ಹೊರಳಿಸಿದ್ದಳು. ಅವಳಿಗೆ ಗೊತ್ತಿದ್ದ ಉಪಚಾರ ಅದೊಂದೇ. ಕಾಕುವಿಗೆ ಬಂದದ್ದು ಎದೆನೋವು; ಅದಕ್ಕೆ ಇದರಿಂದ ಏನೂ ಆಗುವಂತಿರಲಿಲ್ಲ. ಕಾಕುವಿನ ಕಣ್ಣು ಒಲೆಯ ಮೇಲಿನ ರೊಟ್ಟಿ ಹಂಚಿನ ಕಡೆ ಇತ್ತು.

"ಕಟಿಗಿ ಹಿಂದಕ ಜಗ್ಗು ಬೇ," ಎಂದರು. "ರೊಟ್ಟಿ ಹೊತ್ತಾಕತ್ತದ."

ಅಷ್ಟು ವರ್ಷ ಬೆಂಕಿಗೆ ಕೈ ಹಚ್ಚಲು ಬಿಡದವರು ಅವ್ವನಿಗೆ ಹೇಳಿದ ಕೊನೆಯ ಮಾತು ಅದು. ಅವ್ವ ಸುಟ್ಟ ಗುರುತಿನ ಎಡಗೈ ಚಾಚಿ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಟಾಂಗಾ ತರಲು ಹೋದವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆ ನರೋಣಾದಲ್ಲಿದ್ದ ಅವರ ಗಂಡನ ತಮ್ಮನ ಮಗನಿಗೆ ಹೋಯಿತು. ಅವನು ಕೆಟ್ಟವನಲ್ಲ. ಹೆಂಡತಿ ಮಕ್ಕಳನ್ನು ಕರೆತರಬೇಕಿತ್ತು, ಕೋಣೆ ಬೇಕಿತ್ತು. ಅದೇ ಹೊತ್ತಿಗೆ ಅಪ್ಪನಿಗೆ ಆಳಂದಕ್ಕೆ ವರ್ಗವಾಯಿತು. ಅಪ್ಪನ ಕೂದಲು ಬೆಳ್ಳಗಾಗಿತ್ತು. ಆಳಂದದಲ್ಲಿ ನಾವು ಬಸ್ಸಿಳಿದಾಗ ಅವನ ಮುಖದಲ್ಲಿ ಮೊದಲಿನ ಅದೇ ಹೆದರಿಕೆ ಕಂಡೆ. ತಾನು ಮಾತಾಡುತ್ತೇನೆ, ನೀನು ಸುಮ್ಮನಿರು ಎಂದು ಅವ್ವನಿಗೆ ಹೇಳಿದ.

ಅವ್ವ ಮುಂದೆ ನಡೆದಳು. ಒಂದೊಂದು ಓಣಿಯ ಬಾಯಲ್ಲಿಯೂ ನಿಂತು ಕಿವಿಗೊಟ್ಟಳು. ಸಪ್ಪಳವಿಲ್ಲದ ಓಣಿಗಳನ್ನು ಬಿಟ್ಟಳು. ಒಂದು ಕಡೆ ಎರಡು ಮೂರು ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅಲ್ಲಿ ಒಳಗೆ ಹೋಗಿ, ಖಾಲಿ ಮನೆಯ ಒಡತಿಗೆ, ಬಾಡಿಗೆ ಕೇಳುವ ಮುಂಚೆಯೇ ಹೇಳಿದಳು.

"ನನಗ ಫಿಟ್ಸ್ ಬರ್ತಾವ್ರಿ. ಮನಿ ಕೊಡ್ತೀರೇನ್ರಿ?"

ಆ ಹೆಂಗಸು ಬಾಗಿಲು ಮುಚ್ಚಿಕೊಂಡಳು. ಅಪ್ಪ ತಲೆ ತಗ್ಗಿಸಿದ. ಅವ್ವ ಮುಂದಿನ ಬಾಗಿಲಿಗೆ ಹೋಗಿ ಅದೇ ಮಾತನ್ನು, ಅದೇ ದನಿಯಲ್ಲಿ ಹೇಳಿದಳು. ಅಲ್ಲಿಯೂ ಇಲ್ಲ ಎಂದರು. ಅದರಾಚೆಯ ಮನೆಯಲ್ಲಿ ಬಡಿತ ನಿಂತಿತು. ಹಿಟ್ಟಿನ ಕೈಯಲ್ಲೇ ಒಬ್ಬ ಹೆಂಗಸು ಹೊರಗೆ ಬಂದು, ಏನೆಂದಿರಿ ಎಂದು ಕೇಳಿದರು.

ಅವ್ವ ಮೂರನೆಯ ಸಲ ಅದನ್ನೇ ಹೇಳಿ, ಅವರ ಕಟ್ಟೆಯ ಮೇಲೆ ಕುಳಿತಳು.